ಹೊಗೆ ತೋರಿಸದ ಕುಲಾವಿ

ನನ್ನ ಮಗಳು ಹುಟ್ಟುವ ಮೊದಲೇ ತೀರಿಕೊಂಡಳು. ಇಷ್ಟನ್ನು ನೆಟ್ಟಗೆ ಬರೆಯಲು ನನಗೆ ಬಹಳ ಕಾಲ ಹಿಡಿಯಿತು. ನಮ್ಮವರ ಬಾಯಲ್ಲಿ ಇದಕ್ಕೆ ಮಾತೇ ಇಲ್ಲ. ‘ಪಾಪ, ಹಾಗಾಯ್ತಂತೆ’ ಎಂದು ದನಿ ತಗ್ಗಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಹಾಗೆ ಎಂದರೆ ಹೇಗೆ? ನನಗೆ ಎಂಟನೆಯ ತಿಂಗಳು. ಸ್ಯಾನ್ ಮಟಿಯೋದ ಆಫೀಸಿನಲ್ಲಿ ಯಾವುದೋ ಮೀಟಿಂಗಿನಲ್ಲಿ ಕೂತಿದ್ದಾಗ, ಬೆಳಗಿನಿಂದ ಅವಳು ಒದ್ದೇ ಇಲ್ಲವಲ್ಲ ಎಂದು ತಟ್ಟನೆ ಹೊಳೆಯಿತು. ಸಂಜೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಬಂದ ಡಾಕ್ಟರು ಏನು ಹೇಳಿದರೋ ನನಗೆ ಬೇಕಿರಲಿಲ್ಲ.

ಮಾರನೆಯ ದಿನ ಹೆತ್ತೆ. ಮಗು ಅಳುವುದಿಲ್ಲವೆಂದು ಹೆರಿಗೆ ನೋವಿನಲ್ಲಿ ಏನೂ ರಿಯಾಯಿತಿ ಸಿಗುವುದಿಲ್ಲ. ನರ್ಸು ಅವಳನ್ನು ಒರೆಸಿ, ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿ, ಆಸ್ಪತ್ರೆಯದೇ ಒಂದು ಟೋಪಿ ಹಾಕಿ ನನ್ನ ಕೈಗೆ ಕೊಟ್ಟಳು. ನಮ್ಮ ಹತ್ತಿರ ಅವಳಿಗೆಂದು ಒಂದು ಚಿಂದಿಯೂ ಇರಲಿಲ್ಲ. ಹುಟ್ಟುವ ಮುಂಚೆ ಮಗುವಿಗೆ ಏನೂ ಕೊಳ್ಳಬಾರದು, ಹೊಲಿಯಬಾರದು, ತೊಟ್ಟಿಲು ತರಬಾರದು ಎನ್ನುವ ನಮ್ಮ ಮನೆಯ ಕಟ್ಟಳೆಯನ್ನು ನಾನು ಕ್ಯಾಲಿಫೋರ್ನಿಯಾದಲ್ಲೂ ಚಾಚೂ ತಪ್ಪದೆ ಪಾಲಿಸಿದ್ದೆ. ಆಫೀಸಿನವರು ಬೇಬಿ ಶವರ್ ಮಾಡಿ ಮಗುವಿಗೆ ಉಡುಗೊರೆ ಕೊಡುತ್ತೇವೆಂದು ಕುಣಿದಾಗ, ಎಲ್ಲ ಹುಟ್ಟಿದ ಮೇಲೆ ಎಂದು ಸುಮ್ಮನಾಗಿಸಿದ್ದೆ. ಹಾಗಾಗಿ ಬರಿಗೈಯಲ್ಲಿ ಅಪಾರ್ಟ್‌ಮೆಂಟಿಗೆ ವಾಪಸ್ಸು ಬಂದಾಗ ಬಚ್ಚಿಡುವುದಕ್ಕೂ ಅಲ್ಲಿ ಏನೂ ಇರಲಿಲ್ಲ. ಸದ್ಯ ಒಳ್ಳೆಯದೇ ಆಯಿತಲ್ಲ ಎಂದರು ಗೆಳತಿಯರು.

ಊರಿನ ಪುರೋಹಿತರಿಗೆ ನನ್ನ ಗಂಡ ಫೋನು ಮಾಡಿ ಕೇಳಿದರೆ, ಇದಕ್ಕೆ ಕರ್ಮ ಅಂತ ಏನೂ ಇಲ್ಲ, ಮಣ್ಣು ಮಾಡಿ, ಸ್ನಾನ ಮಾಡಿ, ಅಷ್ಟೆ ಎಂದರು. ಹೇವರ್ಡ್ ಕಡೆಯ ಒಂದು ಸ್ಮಶಾನದಲ್ಲಿ ಮಕ್ಕಳಿಗೆಂದೇ ಬಿಟ್ಟ ಮೂಲೆಯಿದೆ. ಅಲ್ಲಿ ಅವಳನ್ನು ಮಲಗಿಸಿ ಬಂದೆವು. ತಿಥಿಯಿಲ್ಲ, ಎಳ್ಳು ನೀರಿಲ್ಲ, ಹೆಸರೂ ಇಲ್ಲ.

ಗುರುತಿನವರು ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಬಂದರು. ಬಂದವರು ತಮ್ಮ ಮಕ್ಕಳನ್ನು ಕಾರಿನಲ್ಲೇ ಬಿಟ್ಟು ಬಂದರು, ನನ್ನ ಕಣ್ಣಿಗೆ ಬೀಳದಿರಲಿ ಎಂದು. ‘ಇನ್ನೂ ಚಿಕ್ಕ ವಯಸ್ಸು’ ಎಂದರು. ‘ಬೇಗ ಇನ್ನೊಂದು ಮಾಡ್ಕೊಳ್ಳಿ’ ಎಂದರು, ಅಂಗಡಿಯಲ್ಲಿ ಹಾಲಿನ ಬಾಟಲಿ ಒಡೆದವರಿಗೆ ಹೇಳುವ ಹಾಗೆ. ಯಾರ ಮನೆಯಲ್ಲೇ ಮಗು ಹುಟ್ಟಲಿ, ನಮ್ಮವರು ಮೊದಲು ಕೇಳುವುದೇನು? ಯಾರ ಹಾಗಿದೆ, ಬಣ್ಣ ಹೇಗೆ, ಕೂದಲಿದೆಯಾ, ಮೂಗು ಯಾರದು. ನನ್ನನ್ನು ಒಬ್ಬರೂ ಒಂದೂ ಕೇಳಲಿಲ್ಲ. ಅವಳನ್ನು ಒಂದು ಇಡೀ ಸಂಜೆ ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದೇನೆ. ಎಲ್ಲಕ್ಕೂ ಉತ್ತರ ನನ್ನ ಹತ್ತಿರವಿತ್ತು. ಇರಲಿ, ಅಮ್ಮ ಬರುತ್ತಾಳೆ, ಅಮ್ಮ ಕೇಳುತ್ತಾಳೆ ಎಂದುಕೊಂಡೆ.

ಬಾಣಂತನಕ್ಕೆಂದು ಅಮ್ಮನ ಟಿಕೆಟ್ಟು ಮೊದಲೇ ಆಗಿತ್ತು. ಅದನ್ನು ಬೇಗ ಹೊರಡುವ ಹಾಗೆ ಬದಲಾಯಿಸಿಕೊಂಡು ಅವಳು ಆ ವಾರದಲ್ಲೇ ಮೈಸೂರಿನಿಂದ ಬಂದಳು. ಏರ್‌ಪೋರ್ಟಿನಲ್ಲಿ ನನ್ನನ್ನು ತಬ್ಬಿಕೊಂಡಳು, ಅಳಲಿಲ್ಲ. ಮನೆಗೆ ಬಂದು ಸೂಟ್‌ಕೇಸು ತೆರೆದರೆ ಅಂಟಿನುಂಡೆ, ಕಷಾಯದ ಪುಡಿ, ಹರಳೆಣ್ಣೆ, ಸಾಂಬ್ರಾಣಿ, ತೊಳೆದು ಮಡಿಚಿದ ಹಳೆಯ ಸೀರೆಗಳು. ಒಂದನ್ನೂ ಬಿಟ್ಟು ಬಂದಿರಲಿಲ್ಲ. ಮಗುವೇ ಇಲ್ಲದ ಮನೆಯಲ್ಲಿ ಇದೆಲ್ಲ ಯಾಕೆಂದು ನಾನು ಕೂಗಾಡಿದೆ.

“ಹೆತ್ತ ಮೈ ಕಣೇ ಅದು. ಸುಮ್ನೆ ಕೂತ್ಕೊ,” ಎಂದಳು.

ಎದೆಯಲ್ಲಿ ಹಾಲು ಬಂದು ಕಲ್ಲಾಗಿತ್ತು. ಯಾರಿಗೆಂದು ಬಂತೋ ಅವಳಿಲ್ಲ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಮ್ಮ ನನ್ನ ಗಂಡನನ್ನು ಕರೆದು ಇಂಡಿಯನ್ ಗ್ರೋಸರಿಯಲ್ಲಿ ಸಿಕ್ಕಷ್ಟು ಮಲ್ಲಿಗೆ ತರಲು ಹೇಳಿದಳು. ಅವನು ಪಾಪ, ದೇವರಿಗೆ ಅಂದುಕೊಂಡು ಬಾಳೆಹಣ್ಣು, ತೆಂಗಿನಕಾಯಿಯನ್ನೂ ತಂದ. ಅಮ್ಮ ಆ ಹೂವನ್ನು ನನ್ನ ಎದೆಗೆ ಹರಡಿ, ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿದಳು. ಹಾಗೆ ಕಟ್ಟಿದರೆ ಹಾಲು ಇಂಗುತ್ತದಂತೆ. ಇಂಗಿತು. ಅಲ್ಲಿಂದ ಈಚೆಗೆ ನಾನು ಮಲ್ಲಿಗೆ ಮುಡಿದಿಲ್ಲ.

ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ. ಬಾರ್ಬೆಕ್ಯೂಗೆಂದು ಮಾರುವ ಇದ್ದಿಲನ್ನೇ ಅಳಿಯನ ಕೈಲಿ ತರಿಸಿ, ಒಲೆಯ ಮೇಲೆ ಕೆಂಡ ಮಾಡಿ, ಸಾಂಬ್ರಾಣಿ ಉದುರಿಸಿ ನನ್ನ ಕೂದಲನ್ನು ಅದರ ಮೇಲೆ ಹರಡಿದಳು. ಕ್ಷಣದಲ್ಲಿ ಸ್ಮೋಕ್ ಅಲಾರಮ್ಮು ಬಾಯಿ ಬಡಿದುಕೊಳ್ಳತೊಡಗಿತು. ನನ್ನ ಗಂಡ ಟೇಬಲ್ಲು ಹತ್ತಿ ಟವೆಲ್ಲು ಬೀಸಿದ. ಪಕ್ಕದ ಮನೆಯ ಮುದುಕ ಬಂದು ಬಾಗಿಲು ಬಡಿದ. “ಈ ದೇಶದಲ್ಲಿ ಬಾಣಂತಿಗೆ ಹೊಗೆ ಹಾಕೋಕೂ ಸರ್ಕಾರದ ಪರ್ಮಿಷನ್ ಬೇಕೇನ್ರೀ?” ಎಂದು ಅಮ್ಮ ಅಳಿಯನನ್ನು ಗದರಿದಳು. ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ನಗು ನಿಲ್ಲದೆ ಅಳುವಾಯಿತು. ಅಮ್ಮ ನನ್ನ ತಲೆ ಒರೆಸುತ್ತಲೇ ಇದ್ದಳು.

ಮೈ ನೋಡಿಕೊಳ್ಳುವುದರಲ್ಲಿ ಅಮ್ಮನನ್ನು ಒಂದಿಷ್ಟೂ ದೂರುವ ಹಾಗಿರಲಿಲ್ಲ. ಆದರೆ ಮಗುವಿನ ಮಾತು? ತುಟಿ ಪಿಟಕ್ ಎನ್ನಲಿಲ್ಲ. ಮೈಸೂರಿನಲ್ಲಿ ಪಕ್ಕದ ಮನೆಯ ಬೆಕ್ಕು ಸತ್ತರೆ ವಾರಗಟ್ಟಲೆ ಅದರ ಗುಣಗಾನ ಮಾಡುವ ಹೆಂಗಸು ನನ್ನ ಅಮ್ಮ. ಭಾನುವಾರಗಳಂದು ನಾನೂ ನನ್ನ ಗಂಡನೂ ಸ್ಮಶಾನಕ್ಕೆ ಹೊರಟರೆ, “ನಾನು ಬರಲ್ಲ, ನೀವು ಹೋಗ್ಬನ್ನಿ,” ಎಂದು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದಳು. ನಾನು ಬೇಕೆಂದೇ ಒಮ್ಮೆ, “ಅವಳ ಉಗುರು ಎಷ್ಟು ಚೆನ್ನಾಗಿತ್ತು ಗೊತ್ತಾ ಅಮ್ಮ,” ಎಂದೆ. ಅಮ್ಮ ಎದ್ದು ಹೋಗಿ ಒಣಗಿದ ಬಟ್ಟೆ ಮಡಿಚತೊಡಗಿದಳು. ಆವತ್ತು ಅವಳ ಮೇಲೆ ಬಂದ ಸಿಟ್ಟು ನನಗೆ ಹೆತ್ತವರ ಮೇಲೆ ಯಾವತ್ತೂ ಬಂದಿರಲಿಲ್ಲ. ಬಿಸಿಬೇಳೆಬಾತಿನ ಡಬ್ಬಿಯವರು ಮರೆಯಲಿ, ಅವರಿಗೆ ಅವಳು ಏನಾಗಬೇಕು? ಅಜ್ಜಿಯಾದವಳೂ ಮರೆತರೆ ನನ್ನ ಮಗು ಇದ್ದಳು ಎನ್ನುವುದಕ್ಕೆ ಇನ್ನು ಯಾರಿದ್ದಾರೆ?

ಆಫೀಸಿನಲ್ಲಿ ನನ್ನ ಟೀಮಿನ ಒಬ್ಬಳ ಅಜ್ಜಿ ಜಪಾನಿನವರು. ನಾನು ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಊಟದ ಹೊತ್ತಿಗೆ ಅವಳು ನನ್ನ ಪಕ್ಕ ಬಂದು ಕೂತಳು. ಹುಟ್ಟದೇ ಹೋದ ಮಕ್ಕಳಿಗೆ ಅವರ ಭಾಷೆಯಲ್ಲಿ ‘ನೀರಿನ ಮಕ್ಕಳು’ ಎನ್ನುತ್ತಾರಂತೆ. ಅಂಥ ಮಕ್ಕಳನ್ನು ಆಚೆಯ ದಡಕ್ಕೆ ಕೈಹಿಡಿದು ದಾಟಿಸುವ ಒಬ್ಬ ದೇವರಿದ್ದಾನೆ, ಅವನ ಪುಟ್ಟ ಪುಟ್ಟ ಕಲ್ಲಿನ ಮೂರ್ತಿಗಳಿಗೆ ತಾಯಂದಿರು ಬಟ್ಟೆ ತೊಡಿಸುತ್ತಾರೆ, ತನ್ನ ಅಜ್ಜಿಯೂ ಟೋಕಿಯೊಗೆ ಹೋದಾಗಲೆಲ್ಲ ಅಸಾಕುಸಾದ ಹಿಂದಿನ ಗಲ್ಲಿಯ ಒಂದು ಗುಡಿಗೆ ಹೋಗುತ್ತಿದ್ದರು ಎಂದಳು. ಗಲ್ಲಿಯ ಗುರುತನ್ನು ಫೋನಿಗೆ ಕಳಿಸಿದಳು. ನಾನು ಅವತ್ತು ರಾತ್ರಿಯ ಊಟಕ್ಕೆ ಮುಂಚೆಯೇ ನಿರ್ಧಾರ ಮಾಡಿಬಿಟ್ಟೆ. ಅಮ್ಮ ಊರಿಗೆ ಹೊರಟಾಗ ಜೊತೆಗೆ ನಾನೂ ಹೊರಟೆ. ಟೋಕಿಯೊದಲ್ಲಿ ಒಂದು ದಿನ ಇಳಿಯುವ ಹಾಗೆ ಟಿಕೆಟ್ಟು, ವೀಸಾ ಎಲ್ಲ ನಾನೇ ಮಾಡಿಸಿದೆ. ಅಮ್ಮನಿಗೆ, “ಒಂದು ಹಳೇ ದೇವಸ್ಥಾನ ಇದೆಯಂತೆ, ನೋಡ್ಕೊಂಡು ಹೋಗೋಣ,” ಎಂದಷ್ಟೇ ಹೇಳಿದೆ. ದೇವಸ್ಥಾನ ಎಂದರೆ ಅವಳು ಯಾವ ದೇಶದಲ್ಲಾದರೂ ಇಳಿಯುತ್ತಾಳೆ.

ಮಾರ್ಚಿ ತಿಂಗಳ ಚಳಿ. ಅಮ್ಮ ಸೀರೆಯ ಮೇಲೆ ಅಳಿಯನ ಜಾಕೆಟ್ಟು ಹಾಕಿ, ಕಾಲಿಗೆ ಸ್ಪೋರ್ಟ್ಸ್ ಶೂ ತೊಟ್ಟು ಅಸಾಕುಸಾಗೆ ಬಂದಳು. ಮಹಾದ್ವಾರದಲ್ಲಿ ತೂಗುವ ಆ ದೊಡ್ಡ ಕೆಂಪು ಲಾಂದ್ರದ ಕೆಳಗೆ ನಿಂತು, “ಇದು ಬಿದ್ರೆ ಗತಿಯೇನೇ?” ಎಂದಳು. ಅಲ್ಲಿಂದ ಗುಡಿಯವರೆಗೂ ಎರಡೂ ಕಡೆ ಅಂಗಡಿ ಸಾಲು. ಅಕ್ಕಿಹಿಟ್ಟಿನ ಬಿಲ್ಲೆಗಳನ್ನು ಕೆಂಡದ ಮೇಲೆ ಸುಡುತ್ತಿದ್ದ ವಾಸನೆಗೆ, ನಮ್ಮ ಹಪ್ಪಳವೇ ಇದು ಎಂದು ತೀರ್ಪು ಕೊಟ್ಟಳು. ಶೂ ಎಲ್ಲಿ ಬಿಡುವುದೆಂದು ಹುಡುಕಿದಳು. ಇಲ್ಲಿ ಬಿಡುವ ಪದ್ಧತಿಯಿಲ್ಲ ಎಂದರೆ ನಂಬದೆ, ಅಂಗಳದ ಅಂಚಿನಲ್ಲಿ ಕಳಚಿಟ್ಟು ಕಾಲುಚೀಲದಲ್ಲೇ ನಡೆದಳು.

ಗುಡಿಯ ಮುಂದೆ ಅಂಗಳದಲ್ಲಿ ಒಂದು ಭಾರಿ ಕಂಚಿನ ಹೊಗೆಪಾತ್ರೆ. ಅದರಲ್ಲಿ ಕಟ್ಟುಕಟ್ಟು ಊದುಬತ್ತಿ ಉರಿಯುತ್ತಿತ್ತು. ಸುತ್ತ ನಿಂತವರು ಹೊಗೆಯನ್ನು ಬೊಗಸೆಯಲ್ಲಿ ಎಳೆದುಕೊಂಡು ಮೈಯಲ್ಲಿ ನೋವಿರುವ ಕಡೆಗೆ ಸವರಿಕೊಳ್ಳುತ್ತಿದ್ದರು, ಒಬ್ಬರು ಮೊಣಕಾಲಿಗೆ, ಒಬ್ಬರು ಸೊಂಟಕ್ಕೆ. ಅಮ್ಮ ಮೊದಲು ಮಂಗಳಾರತಿಯ ಹಾಗೆ ಕಣ್ಣಿಗೊತ್ತಿಕೊಂಡಳು. ಆಮೇಲೆ ಉಳಿದವರನ್ನು ನೋಡಿ, ಎರಡೂ ಕೈಯಲ್ಲಿ ಹೊಗೆ ಎಳೆದು ನನ್ನ ಹೊಟ್ಟೆಯ ಕಡೆಗೆ ತಂದಳು. ನಾನು ಅವಳ ಕೈ ತಳ್ಳಿದೆ. “ಅಲ್ಲೀಗ ಏನೂ ಇಲ್ಲ,” ಎಂದೆ. ಅಮ್ಮ ಕೈ ಇಳಿಸಿದಳು.

ಒಳಗೆ ಹೋಗಿ ಎಷ್ಟು ಇಣುಕಿದರೂ ಮೂರ್ತಿ ಕಾಣಲಿಲ್ಲ. ಅಲ್ಲಿಯ ದೇವರನ್ನು ಮುಚ್ಚಿಯೇ ಇಟ್ಟಿದ್ದಾರೆ, ಯಾರಿಗೂ ತೋರಿಸುವುದಿಲ್ಲ ಎಂದು ಹೇಳಿದೆ.

“ನೋಡ್ದೆ ಇದ್ರೂ ಇಷ್ಟು ಜನ ಬಂದು ಕೈ ಮುಗೀತಾರಾ?”

“ಮುಗೀತಾರಲ್ಲ. ನೋಡಿಲ್ಲ ಅಂದ್ರೆ ಇರ್ಲೇ ಇಲ್ಲ ಅಂತ ಅಲ್ಲ ಅಮ್ಮ.”

ನಾನು ಚುಚ್ಚಲೆಂದೇ ಹೇಳಿದ್ದು. ಅವಳಿಗೆ ಚುಚ್ಚಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಹೊರಗೆ ಹೋಗಿ ಶೂ ತೊಟ್ಟುಕೊಂಡಳು.

ಹಿಂದಿನ ಗಲ್ಲಿಗೆ ಹೊರಳಿದರೆ ಆ ಜಾತ್ರೆಯಂಥ ಗದ್ದಲ ಒಮ್ಮೆಗೇ ನಿಂತುಹೋಯಿತು. ಚಿಕ್ಕ ಗುಡಿ, ತಗ್ಗಿನ ಬಾಗಿಲು. ಅದರ ಪಕ್ಕದ ಗೋಡೆಯುದ್ದಕ್ಕೂ ಸಾಲುಸಾಲಾಗಿ ಮೊಣಕಾಲೆತ್ತರದ ಕಲ್ಲಿನ ಮೂರ್ತಿಗಳು. ಬೋಳು ತಲೆ, ಮುಚ್ಚಿದ ಕಣ್ಣು, ಎಳೆ ಮಗುವಿನ ಕೆನ್ನೆ. ನಾವು ಮಕ್ಕಳಿಗೆ ಜೊಲ್ಲು ಮೈಮೇಲೆ ಸೋರದಿರಲೆಂದು ಕಟ್ಟುತ್ತೇವಲ್ಲ, ಅಂಥ ಕೆಂಪು ಬಟ್ಟೆ ಕತ್ತಿನಲ್ಲಿ. ಹಲವಕ್ಕೆ ಉಣ್ಣೆಯ ಟೋಪಿ. ಪಕ್ಕದಲ್ಲಿ ಸಿಕ್ಕಿಸಿದ ಕಾಗದದ ಗಿರಗಿಟ್ಲೆಗಳು ಗಾಳಿಗೆ ಪಟಪಟ ತಿರುಗುತ್ತಿದ್ದವು. ಒಂದರ ಮುಂದೆ ಹಾಲಿನ ಪೊಟ್ಟಣ, ಅದಕ್ಕೆ ಸ್ಟ್ರಾ ಕೂಡ ಚುಚ್ಚಿ ಇಟ್ಟಿದ್ದರು.

“ಇವೇನೇ, ಮಕ್ಕಳ ಹಾಗಿವೆ?” ಎಂದಳು ಅಮ್ಮ.

ಹೇಳಿದೆ. ನನ್ನ ಸಹೋದ್ಯೋಗಿ ಹೇಳಿದ್ದನ್ನೆಲ್ಲ ಹೇಳಿದೆ. ಈ ದಾರಿಯಲ್ಲಿ ಟಿಕೆಟ್ಟು ಮಾಡಿಸಿದ್ದು ಇದಕ್ಕೇ ಎಂದೂ ಹೇಳಿದೆ. “ನೀನು ಮಾತಾಡಲ್ಲ ಅಂತ ಗೊತ್ತು. ನೀನು ಸುಮ್ನೆ ನಿಂತಿರು, ನಾನೇ ಕೈ ಮುಗಿದು ಬರ್ತೀನಿ,” ಎಂದೆ.

ಅಮ್ಮ ಅಲ್ಲೇ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತಳು. ಕೈಚೀಲ ತೆರೆದು, ಬಿಪಿ ಮಾತ್ರೆ, ಪಾಸ್‌ಪೋರ್ಟು, ಕರ್ಚೀಫುಗಳನ್ನೆಲ್ಲ ಹೊರಗೆ ತೆಗೆದು ಮಡಿಲಿಗೆ ಹಾಕಿಕೊಂಡಳು. ತಳದಿಂದ ಒಂದು ಪ್ಲಾಸ್ಟಿಕ್ ಕವರು ಬಂತು. ಅದರೊಳಗೆ ಒಂದು ಕುಲಾವಿ ಇತ್ತು. ನನ್ನ ಬಾಲ್ಯದ ಫೋಟೋಗಳಲ್ಲೆಲ್ಲ ಅಮ್ಮ ಉಟ್ಟಿರುವ ಹಳದಿ ವಾಯಿಲ್ ಸೀರೆಯ ತುಂಡಿನದು. ಅಂಚಿಗೆ ನೆರಿಗೆ ಹಿಡಿದು, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ ಇಟ್ಟು ಕೈಯಲ್ಲೇ ಹೊಲಿದದ್ದು.

“ವಿಡಿಯೋದಲ್ಲಿ ನಿನ್ನ ಸೀಮಂತ ನೋಡಿದ್ನಲ್ಲ, ಆ ವಾರವೇ ಹೊಲಿದೆ ಕಣೇ,” ಎಂದಳು. “ಹುಟ್ಟೋಕ್ಮುಂಚೆ ಹೊಲೀಬಾರ್ದು ಅಂತ ನಂಗೊತ್ತಿರ್ಲಿಲ್ವಾ? ನಿಂಗೆ ಹೇಳ್ಕೊಟ್ಟಿದ್ದೇ ನಾನು. ಏನೂ ಕೊಳ್ಬೇಡ, ಏನೂ ತರ್ಬೇಡ ಅಂತ ಫೋನಲ್ಲಿ ದಿನಾ ಬಡ್ಕೊಂಡೆ. ನನ್ ಕೈ ಮಾತ್ರ ತಡೀಲಿಲ್ಲ. ಬೀರು ತೆಗೆದಾಗ ಈ ಸೀರೆ ಸಿಕ್ತು. ಒಂದೇ ಒಂದು, ಯಾರಿಗೂ ತೋರ್ಸಲ್ಲ, ಏನಾಗುತ್ತೆ ಅಂತ ಹೊಲಿದ್ಬಿಟ್ಟೆ.” ಕುಲಾವಿಯನ್ನು ಮಡಿಲಲ್ಲಿ ಇಟ್ಟಳು. “ಆಯ್ತಲ್ಲ. ನೀನು ಎಲ್ಲಾ ಪಾಲಿಸ್ದೆ. ನಾನು ಕೊಂದೆ.”

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. “ಏನಮ್ಮ ಮಾತಾಡ್ತೀಯ? ಹೊಕ್ಕುಳಬಳ್ಳೀಲಿ ರಕ್ತ ಹೋಗೋದು ನಿಂತುಹೋಯ್ತು ಅಂತ ಡಾಕ್ಟರು ಹೇಳ್ಲಿಲ್ವಾ? ಮೈಸೂರಲ್ಲಿ ನೀನು ಸೂಜಿ ಹಿಡ್ಕೊಂಡ್ರೆ ಕ್ಯಾಲಿಫೋರ್ನಿಯಾದಲ್ಲಿ ರಕ್ತ ನಿಲ್ಲುತ್ತಾ?”

“ಇಲ್ಲ ಅಂತ ನಂಗೂ ಗೊತ್ತು. ಗೊತ್ತಿದ್ರೂ ನಿದ್ದೆ ಬರಲ್ಲ ಕಣೇ. ಅವಳ ಮಾತೆತ್ತಿದ್ರೆ ಇದನ್ನೂ ಹೇಳ್ಬೇಕಾಗುತ್ತೆ ಅಂತ ಬಾಯಿ ಬಿಡ್ಲಿಲ್ಲ. ಅವಳನ್ನ ಮಲಗಿಸಿರೋ ಕಡೆಗೆ ಯಾವ ಮುಖ ಇಟ್ಕೊಂಡು ಬರ್ಲಿ?”

ಅಷ್ಟು ತಿಂಗಳು ನಾನು ಅಮ್ಮನ ಮೇಲೆ ಕುದಿಯುತ್ತ ಕೂತಿದ್ದೆ. ಅಮ್ಮ ನನ್ನ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಅವಳಿಗೆ ಸಮಾಧಾನ ಹೇಳಬೇಕೆಂದು ಬಾಯಿ ತೆರೆದರೆ ನನಗೂ ಅಳುವೇ ಬಂತು. ಪರದೇಶದ ಗಲ್ಲಿಯಲ್ಲಿ, ಮಾತ್ರೆ ಡಬ್ಬಿ, ಪಾಸ್‌ಪೋರ್ಟುಗಳ ನಡುವೆ, ತಾಯಿ ಮಗಳು ಯಾವ ನಾಚಿಕೆಯೂ ಇಲ್ಲದೆ ಅತ್ತೆವು.

ಗುಡಿಗೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಅಷ್ಟು ಹೊತ್ತೂ ಬೆನ್ನು ಹಾಕಿ ಒಂದು ಮೂರ್ತಿಯ ಮುಂದಿನ ಹೂವಿಗೆ ನೀರು ಬದಲಾಯಿಸುತ್ತಿದ್ದರು. ನಮ್ಮ ಅಳು ಇಳಿದ ಮೇಲೆ ಮೆಲ್ಲಗೆ ತಿರುಗಿ, ಅಮ್ಮನ ಮಡಿಲಲ್ಲಿದ್ದ ಕುಲಾವಿಯನ್ನು ನೋಡಿದರು. ಸಾಲಿನ ಕೊನೆಯಲ್ಲಿದ್ದ ಒಂದು ಪುಟ್ಟ ಮೂರ್ತಿಯನ್ನು ಅಂಗೈ ಚಾಚಿ ತೋರಿಸಿದರು. ಪಾಚಿ ಕಟ್ಟಿದ್ದ ಹಳೆಯ ಮೂರ್ತಿ, ತಲೆಯ ಮೇಲೆ ಏನೂ ಇರಲಿಲ್ಲ. ತೊಡಿಸಬಹುದೇ ಎಂದು ನಾನು ಸನ್ನೆಯಲ್ಲೇ ಕೇಳಿದ್ದಕ್ಕೆ ತಲೆಯಾಡಿಸಿ, ಬಾಗಿ ನಮಸ್ಕರಿಸಿ ಹೋದರು.

ಅಮ್ಮ ಎದ್ದು ಎರಡು ಹೆಜ್ಜೆ ಹೋದವಳು ನಿಂತುಬಿಟ್ಟಳು.

“ತಡಿ. ಇದಕ್ಕೆ ಹೊಗೆ ತೋರ್ಸಿಲ್ಲ.”

ನಮ್ಮ ಕಡೆ ಸಾಂಬ್ರಾಣಿ ಹೊಗೆ ಹಿಡಿಯದೆ ಎಳೆ ಮಗುವಿಗೆ ಬಟ್ಟೆ ಹಾಕುವುದಿಲ್ಲ. ನೆಗಡಿಯಾಗುತ್ತದೆ, ದೃಷ್ಟಿಯಾಗುತ್ತದೆ ಎಂದು ಏನೇನೋ ಕಾರಣ ಹೇಳುತ್ತಾರೆ. ಕಲ್ಲಿಗೆ ಯಾವ ನೆಗಡಿ ಎಂದು ಬೇರೆ ದಿನವಾದರೆ ನಾನು ಕೇಳುತ್ತಿದ್ದೆ. ಅವತ್ತು ಕೇಳಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ, ಆ ಗದ್ದಲದೊಳಗೆ ವಾಪಸ್ಸು ನಡೆದೆ.

ಹೊಗೆಪಾತ್ರೆಯ ಮುಂದೆ ಅಮ್ಮ ಕುಲಾವಿಯನ್ನು ಎರಡೂ ಕೈಯಲ್ಲಿ ಅರಳಿಸಿ, ಬಾಯಿ ಕೆಳಗೆ ಮಾಡಿ ಹಿಡಿದಳು. ಬೆಳ್ಳಗಿನ ಹೊಗೆ ಒಳಗೆ ತುಂಬಿ ನೆರಿಗೆಗಳ ಸಂದಿನಿಂದ ಹೊರಬರುತ್ತಿತ್ತು. ತಿರುವಿ ಹಿಡಿದಳು, ಲಾಡಿಗಳಿಗೂ ತೋರಿಸಿದಳು. ಒಬ್ಬ ಪ್ರವಾಸಿ ಕ್ಯಾಮೆರಾ ಎತ್ತಿದ. ನಾನು ಹೋಗಿ ಅವನಿಗೂ ಅಮ್ಮನಿಗೂ ನಡುವೆ ನಿಂತೆ. ಬಟ್ಟೆ ಬೆಚ್ಚಗಾಗಿದೆಯೇ ಎಂದು ಅಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡಳು. ಆ ಬಿಸಿ ಆರಬಾರದೆಂದು ಅದನ್ನು ಜಾಕೆಟ್ಟಿನ ಒಳಗೆ ಇಟ್ಟುಕೊಂಡೇ ಗಲ್ಲಿಗೆ ಮರಳಿದಳು.

ಕುಲಾವಿ ಆ ಕಲ್ಲಿನ ತಲೆಗೆ ಸ್ವಲ್ಪ ದೊಡ್ಡದಾಯಿತು. ಅಮ್ಮ ಅಂಚನ್ನು ಒಳಕ್ಕೆ ಮಡಿಚಿ, ಕಿವಿ ಮುಚ್ಚುವ ಹಾಗೆ ಎಳೆದು ಕೂರಿಸಿದಳು. ಗಲ್ಲದ ಕೆಳಗೆ ತನ್ನ ಬೆರಳೊಂದನ್ನು ಇಟ್ಟು, ಅದರ ಮೇಲೆ ಲಾಡಿ ಕಟ್ಟಿ, ಆಮೇಲೆ ಬೆರಳನ್ನು ಹೊರಗೆಳೆದಳು. ಮಗುವಿನ ಕತ್ತು ಬಿಗಿಯಾಗಬಾರದಲ್ಲ. ತಲೆಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ನನ್ನ ಕಡೆ ತಿರುಗದೆಯೇ ಕೇಳಿದಳು:

“ಕೂದ್ಲಿತ್ತೇನೇ ಅವಳಿಗೆ?”

“ಇತ್ತಮ್ಮ. ತುಂಬಾ ಇತ್ತು. ಹಣೆ ಮೇಲೆಲ್ಲಾ ಬಂದಿತ್ತು.”

“ನಿಂಗೂ ಹಾಗೇ ಇತ್ತು,” ಎಂದಳು. “ಬಣ್ಣ?”

“ಅವರಪ್ಪನ ಬಣ್ಣ.”

“ಬೆರಳು?”

“ಉದ್ದ. ನನ್ನ ಬೆರಳು ಹಿಡ್ಕೊಂಡಿರೋ ಹಾಗೆ ಇಟ್ಕೊಂಡಿದ್ದೆ.”

ಅಮ್ಮ ಒಂದೊಂದಾಗಿ ಕೇಳಿದಳು, ನಾನು ಒಂದೊಂದನ್ನೂ ಹೇಳಿದೆ. ತುಟಿ, ಕಿವಿ, ಪಾದ, ಬೆನ್ನ ಮೇಲಿನ ಮಚ್ಚೆ. ಗಿರಗಿಟ್ಲೆಗಳು ತಿರುಗುತ್ತಲೇ ಇದ್ದವು. ಕೊನೆಗೆ, “ಮೂಗು ಯಾರದು?” ಎಂದಳು. ಅದೊಂದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಕೈ ಚಾಚಿ ಅಮ್ಮನ ಮೂಗನ್ನು ಮುಟ್ಟಿ ತೋರಿಸಿದೆ.